ಒಂದೂಕಾಲಿಗೆ ಹೋಗುವ ನೆಟ್ಟು

ಗಡಿಯಾರದವರ ಮನೆಯಲ್ಲಿ ದಿನವೂ ಮಧ್ಯಾಹ್ನ ಒಂದೂಕಾಲಿಗೆ ಸರಿಯಾಗಿ ನೆಟ್ ಹೋಗುತ್ತಿತ್ತು, ಎರಡಕ್ಕೆ ಸರಿಯಾಗಿ ಬರುತ್ತಿತ್ತು. ಆರು ವರ್ಷಗಳಲ್ಲಿ ಒಂದು ದಿನವೂ ತಪ್ಪಿದ್ದಿಲ್ಲ. ಬೇರೆ ಯಾರಾದರೂ ಆಗಿದ್ದರೆ ಮೊದಲ ವಾರದಲ್ಲೇ ಕಂಪನಿಯವರ ಜುಟ್ಟು ಹಿಡಿದು ಕೇಳುತ್ತಿದ್ದರು. ಇವರು ಮಾತ್ರ ನೆಟ್ ಹೋದ ಕೂಡಲೇ ಎದ್ದು ಗೋಡೆಯ ಗಡಿಯಾರದ ಮುಳ್ಳನ್ನು ಒಂದೂಕಾಲಿಗೆ ಸರಿಸಿಕೊಳ್ಳುತ್ತಿದ್ದರು. ರಿಪೇರಿಗೆ ಬಂದ ನಲವತ್ತು ಗಡಿಯಾರಗಳು ನಲವತ್ತು ಹೊತ್ತು ತೋರಿಸುವ ಮನೆಯಲ್ಲಿ ಕಣ್ಣು ಮುಚ್ಚಿ ನಂಬಬಹುದಾಗಿದ್ದುದು ಆ ತೊಂದರೆ ಒಂದನ್ನೇ.

ತೊಂದರೆಯ ಕಾರಣವನ್ನು ಹೆಂಡತಿಯೇ ವಿವರಿಸಿದ್ದಳು. ಆಕೆ ಎರಡು ಬೀದಿ ಆಚೆ ಇಂಟರ್‌ನೆಟ್ ಕಂಪನಿಯ ದೂರು ವಿಭಾಗದಲ್ಲಿದ್ದಳು. ಒಂದು ಗಂಟೆಗೆ ಊಟಕ್ಕೆ ಮನೆಗೆ ಬಂದು ತಟ್ಟೆ ಇಡುವ ಹೊತ್ತಿಗೆ ಮುಂದಿನ ಕೋಣೆಯಿಂದ ಗಂಡನ ಕೂಗು ಕೇಳುತ್ತಿತ್ತು.

"ನೆಟ್ ಹೋಯ್ತು ಕಣೇ!"

"ಹೋದ್ರೆ ಹೋಗ್ಲಿ. ನಮ್ಮ ಆಫೀಸಲ್ಲಿ ಈ ಹೊತ್ತಿಗೆ ಮೆಷಿನ್‌ಗಳಿಗೆ ರೆಸ್ಟ್ ಕೊಡ್ತಾರೆ. ಬಂದು ಊಟ ಮಾಡಿ."

"ಮೆಷಿನ್‌ಗೂ ಊಟದ ಬಿಡುವಾ?"

"ನಿಮ್ಮಂಥ ಮನುಷ್ಯರಿಗೇ ಬೇಕಾಗಿಲ್ಲ ಅನ್ನೋ ಕಾಲದಲ್ಲಿ ಅವಕ್ಕಾದ್ರೂ ಸಿಗ್ಲಿ."

ಗಡಿಯಾರದವರು ಈ ಮಾತನ್ನು ಆರು ವರ್ಷ ನಂಬಿದರು. ಚಕ್ರಗಳಿಗೆ ಎಣ್ಣೆ ಹಾಕಿ ಒಂದು ದಿನ ಸುಮ್ಮನೆ ಮಲಗಿಸಿಡುವ ಕಸುಬಿನವರಿಗೆ ಯಂತ್ರಕ್ಕೂ ವಿಶ್ರಾಂತಿ ಬೇಕೆಂದರೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಟ್ಯಾಬ್ಲೆಟ್ಟಿನಲ್ಲಿ ಹಳೆಯ ಗಡಿಯಾರ ಬಿಚ್ಚುವ ವಿಡಿಯೋ ನೋಡುತ್ತಾ ಕುಳಿತರೆ ಮನೆಗೆ ಬೆಂಕಿ ಬಿದ್ದರೂ ಏಳದ ಮನುಷ್ಯ, ನೆಟ್ ಹೋದರೆ ಮಾತ್ರ ಎದ್ದು ಕೈ ತೊಳೆಯುತ್ತಿದ್ದರು.

ಏಳು ತಿಂಗಳ ಹಿಂದೆ ಆಕೆ ತೀರಿಕೊಂಡಳು. ಹತ್ತೇ ದಿನದ ಕಾಯಿಲೆ. ಮನೆಯಲ್ಲಿ ಎಲ್ಲವೂ ನಿಂತುಹೋಯಿತು, ನೆಟ್ ಮಾತ್ರ ಒಂದೂಕಾಲಿಗೆ ಹೋಗುವುದನ್ನು ನಿಲ್ಲಿಸಲಿಲ್ಲ. ಅದು ಹೋದಾಗ ಗಡಿಯಾರದವರು ಅಭ್ಯಾಸಬಲದಿಂದ ಏಳುತ್ತಿದ್ದರು, ಬೆಳಿಗ್ಗೆ ತಾವೇ ಮಾಡಿಟ್ಟಿದ್ದನ್ನು ತಟ್ಟೆಗೆ ಹಾಕಿಕೊಂಡು ತಿನ್ನುತ್ತಿದ್ದರು. ರುಚಿಯ ಮಾತು ಬಿಡಿ.

ಹೀಗೆ ಸಾಗುತ್ತಿದ್ದಾಗ ಒಂದು ಬೆಳಿಗ್ಗೆ ಒಂಬತ್ತಕ್ಕೆ ಅವರ ಬಟನ್ ಫೋನು ಬಡಿದುಕೊಂಡಿತು. ಪಕ್ಕದ ಊರಿನ ಪುರಸಭೆಯ ಗುಮಾಸ್ತರು.

"ಗೋಪುರದ ಗಡಿಯಾರದ ರಿಪೇರಿಗೆ ಅರ್ಜಿ ಹಾಕಿದ್ರಲ್ಲ, ಸಮಿತಿಯವರು ನಿಮ್ಮ ಜೊತೆ ಮಾತಾಡ್ಬೇಕಂತೆ. ಇವತ್ತು ಮಧ್ಯಾಹ್ನ ಒಂದೂವರೆಗೆ, ವಿಡಿಯೋದಲ್ಲಿ. ನಿಮ್ಮ ಮೇಜು, ಹತಾರ, ಕೆಲಸ ಮಾಡೋ ಜಾಗ ಎಲ್ಲ ತೋರಿಸ್ಬೇಕು."

"ಒಂದೂವರೆಗಾ?"

"ಹೌದು, ನಿಮಗೆ ಬೇಕಾದ ಹಾಗೇ ಇಟ್ಟಿದ್ದೀವಿ," ಎಂದು ಗುಮಾಸ್ತರು ಒಂಥರಾ ಧ್ವನಿಯಲ್ಲಿ ಹೇಳಿ ಫೋನಿಟ್ಟರು. ಗಡಿಯಾರದವರು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವರು ಆಗಲೇ ಮೇಜಿನ ಮೇಲಿನ ಹತಾರಗಳನ್ನು ಜೋಡಿಸತೊಡಗಿದ್ದರು.

ಆ ಗೋಪುರದ ಗಡಿಯಾರ ನಾಲ್ಕು ಇಪ್ಪತ್ತಕ್ಕೆ ನಿಂತು ಹನ್ನೊಂದು ವರ್ಷವಾಗಿತ್ತು. ಗಂಡ ಹೆಂಡತಿ ಬಸ್ಸಿನಲ್ಲಿ ಆ ದಾರಿಯಾಗಿ ಹೋದಾಗಲೆಲ್ಲ ಆಕೆ ಕಿಟಕಿಯಿಂದ ಕತ್ತು ಹೊರಹಾಕಿ, "ಇದನ್ನ ನೀವೇ ನಡೆಸ್ಬೇಕು ನೋಡಿ. ಒಂದಿಡೀ ಊರು ನಿಮ್ಮ ಮುಳ್ಳು ನೋಡ್ಕೊಂಡು ಎದ್ದು ಕೂತು ಮಾಡ್ಬೇಕು," ಎನ್ನುತ್ತಿದ್ದಳು. ಹತ್ತು ತಿಂಗಳ ಹಿಂದೆ ಅರ್ಜಿ ಕರೆದಾಗ ತಾನೇ ಫಾರಂ ತಂದು, ತಾನೇ ತುಂಬಿ, ಸಹಿಗೆ ಮುಂದೆ ಹಿಡಿದಿದ್ದಳು. ಇವರು ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿಯನ್ನೂ ತೆಗೆಯದೆ, ಏನು ಬರೆದಿದೆ ಎಂದು ಓದದೆ, ಗೀಚಿ ಕೊಟ್ಟಿದ್ದರು. ಈಗ ಆ ಕೆಲಸ ಸಿಕ್ಕರೆ ಆಕೆಯ ಮಾತೊಂದನ್ನಾದರೂ ನಡೆಸಿಕೊಟ್ಟ ಹಾಗಾಗುತ್ತದೆ. ಬದುಕಿದ್ದಾಗ ನಡೆಸಿಕೊಟ್ಟದ್ದು ಅಷ್ಟರಲ್ಲೇ ಇತ್ತು.

ಆದರೆ ಮಾತು ಒಂದೂವರೆಗೆ. ನೆಟ್ ಹೋಗುವುದು ಒಂದೂಕಾಲಿಗೆ.

ಎದುರುಮನೆಯ ಟೈಲರಮ್ಮನ ಬಳಿ ಹೋಗಿ, "ಒಂದರ್ಧ ಗಂಟೆ ನಿಮ್ಮ ಫೋನು ಕೊಡ್ತೀರಾ?" ಎಂದರು.

"ಕೊಡ್ತಿದ್ದೆ ಅಣ್ಣ, ಕತ್ತರಿ ಬಿದ್ದು ಕ್ಯಾಮರಾ ಒಡೆದು ಹೋಗಿದೆಯಲ್ಲ. ನಿಮ್ಮ ಟ್ಯಾಬು ಏನಾಯ್ತು?"

"ಒಂದೂಕಾಲಿಗೆ ನೆಟ್ ಹೋಗತ್ತಲ್ಲಮ್ಮ."

"ಎಲ್ಲಿ ಹೋಗತ್ತೆ? ನಾನು ಆರು ವರ್ಷದಿಂದ ನಿಮ್ಮ ನೆಟ್ಟಲ್ಲೇ ಧಾರಾವಾಹಿ ನೋಡ್ತಿರೋದು. ಅಕ್ಕನೇ ಪಾಸ್‌ವರ್ಡ್ ಕೊಟ್ಟಿದ್ರು. ಒಂದು ಗಂಟೆಗೆ ಶುರುವಾದ್ರೆ ಎರಡರವರೆಗೂ ಕಣ್ಣೀರು ನಿಲ್ಲಲ್ಲ, ನೆಟ್ಟೂ ನಿಲ್ಲಲ್ಲ!"

ತಮ್ಮ ಮನೆಯ ನೆಟ್ಟು ತಮಗೆ ಕೈಕೊಟ್ಟು ಬೀದಿ ದಾಟಿ ಹೋಗಿ ಇನ್ನೊಬ್ಬರ ಮನೆಯಲ್ಲಿ ಧಾರಾವಾಹಿ ನೋಡುತ್ತದೆ ಎಂಬುದು ಗಡಿಯಾರದವರಿಗೆ ಅವಮಾನವೆನಿಸಿತು. ಟೈಲರಮ್ಮನಿಗೆ ಒಂದು ಮಾತು ಹೇಳಿದರೆ ಡಂಗುರ ಸಾರಿದಂತೆ. ಹತ್ತೂವರೆಗೆಲ್ಲ ಮಹಡಿಯ ಮೇಷ್ಟ್ರು ತೋಳು ಮಡಚಿಕೊಂಡು ಇಳಿದು ಬಂದರು. ಅವರು ಮೂವತ್ನಾಲ್ಕು ವರ್ಷ ವಿಜ್ಞಾನ ಪಾಠ ಮಾಡಿ ನಿವೃತ್ತರಾದವರು. ಅದರಲ್ಲಿ ಹೆಚ್ಚು ಭಾಗ ಅಯಸ್ಕಾಂತವನ್ನೇ ಪಾಠ ಮಾಡಿದ್ದರು. ಫೋನು ಕೇಳೋಣವೆಂದರೆ ಅವರದೂ ಬಟನ್ ಫೋನೇ.

"ಬೀದಿ ಆಚೆ ಬರತ್ತೆ, ಇಲ್ಲಿ ಬರಲ್ಲ. ಅಂದ್ರೇನು ಅರ್ಥ?" ಎಂದು ಮೇಷ್ಟ್ರು ಕೋಣೆಯ ಸುತ್ತ ಕಣ್ಣಾಡಿಸಿದರು. "ಇಲ್ಲೇ ಏನೋ ತಡೀತಿದೆ. ನಿಮ್ಮ ಗಡಿಯಾರಗಳು! ಇಷ್ಟೊಂದು ಕಬ್ಬಿಣ, ಇಷ್ಟೊಂದು ಸ್ಪ್ರಿಂಗು. ಕಾಂತಕ್ಷೇತ್ರ ಸ್ವಾಮಿ, ಕಾಂತಕ್ಷೇತ್ರ!"

"ಒಂದೂಕಾಲಿಗೆ ಮಾತ್ರ ಯಾಕೆ ತಡೀತವೆ ಮೇಷ್ಟ್ರೇ?"

"ಅದು ಎರಡನೇ ಪ್ರಶ್ನೆ. ಮೊದಲು ಒಂದನೇ ಪ್ರಶ್ನೆಗೆ ಉತ್ತರ ಬರೀರಿ."

ನಲವತ್ತು ಗಡಿಯಾರಗಳನ್ನೂ ಜಗಲಿಗೆ ಸಾಗಿಸಿದ್ದಾಯಿತು. ದಾರಿಹೋಕರು ಮಾರಾಟವೆಂದು ನಿಂತು ಬೆಲೆ ಕೇಳತೊಡಗಿದರು. ಒಬ್ಬರು, "ಮನೆ ಖಾಲಿ ಮಾಡ್ತಿದ್ದೀರಾ? ಪಾಪ, ಒಬ್ರೇ ಇದ್ದು ಏನು ಮಾಡ್ತೀರಿ ಬಿಡಿ," ಎಂದು ಸಮಾಧಾನವನ್ನೂ ಹೇಳಿ ಹೋದರು. ಒಳಗೆ ಖಾಲಿ ಗೋಡೆಯ ಮೇಲೆ ಮೊಳೆಗಳು ಮಾತ್ರ ಉಳಿದವು. ಗಡಿಯಾರಗಳ ಟಿಕ್‌ಟಿಕ್ ಇಲ್ಲದ ಆ ಮನೆ ಎಷ್ಟು ನಿಶ್ಶಬ್ದವಾಗಿದೆಯೆಂದು ಗಡಿಯಾರದವರಿಗೆ ಅವತ್ತೇ ತಿಳಿದದ್ದು. ಅವರು ಅಲ್ಲಿ ಹೆಚ್ಚು ಹೊತ್ತು ನಿಲ್ಲಲಾರದೆ ಹೊರಗೆ ಬಂದರು.

ಮೇಷ್ಟ್ರು ಅಷ್ಟಕ್ಕೆ ಬಿಡುವವರಲ್ಲ. ರೌಟರನ್ನು ಕಪಾಟಿನ ನೆತ್ತಿಗೆ ಏರಿಸಿದರು. ಅದರ ಹಿಂದೆ ಸ್ಟೀಲ್ ತಟ್ಟೆಯೊಂದನ್ನು ನಿಲ್ಲಿಸಿ, "ಈಗ ಸಿಗ್ನಲ್ಲು ಈ ಕಡೆಗೇ ಬಡಿಯತ್ತೆ," ಎಂದರು. ಅದೇ ಗಳಿಗೆಗೆ ತಟ್ಟೆ ಜಾರಿ ನೇರವಾಗಿ ಮೇಷ್ಟ್ರ ತಲೆಗೇ ಬಡಿಯಿತು. ಬೀಳುವಾಗ ರೌಟರಿನ ವೈರನ್ನೂ ಕಿತ್ತುಕೊಂಡು ಬಂದಿತ್ತು. ಎದುರುಮನೆಯ ಕಿಟಕಿ ತೆರೆಯಿತು.

"ಅಣ್ಣಾ, ನೆಟ್ ಹೋಯ್ತು!" ಟೈಲರಮ್ಮನ ಚೀರಾಟ.

"ನೋಡಿದ್ರಾ?" ಎಂದರು ಮೇಷ್ಟ್ರು, ತಲೆ ಸವರಿಕೊಳ್ಳುತ್ತಾ. "ಈಗ ಎರಡೂ ಕಡೆ ಒಂದೇ ಫಲಿತಾಂಶ. ಪ್ರಯೋಗ ಮುಂದುವರಿದಿದೆ."

ವೈರು ಸಿಕ್ಕಿಸಿದ ಮೇಲೆ ಟೈಲರಮ್ಮನೂ ಹೊಲಿಗೆ ಬಿಟ್ಟು ಬಂದು ಕುಳಿತರು. ಆಕೆಯ ತಮ್ಮ ಯಾವಾಗಲೋ ಹೇಳಿದ್ದನಂತೆ, ರೌಟರಿನ ಒಳಗೆ ಅಡ್ವಾನ್ಸ್ಡ್ ಸೆಟ್ಟಿಂಗ್ ಅಂತ ಒಂದಿದೆ, ಏನೇ ಕೆಟ್ಟರೂ ಅಲ್ಲೇ ಸರಿಹೋಗುವುದು ಎಂದು. ಟ್ಯಾಬ್ಲೆಟ್ಟಿನಲ್ಲಿ ಆ ಪುಟ ತೆರೆದರೆ ಅದು ಮೊದಲು ಕೇಳಿದ್ದು ಪಾಸ್‌ವರ್ಡ್. ರೌಟರಿನ ಹೊಟ್ಟೆಗೆ ಅಂಟಿಸಿದ್ದ ಚೀಟಿಯಲ್ಲಿ ಹೆಂಡತಿಯ ದುಂಡು ಅಕ್ಷರವಿತ್ತು. ಆದರೆ ಅದು ನೆಟ್ಟಿನ ಪಾಸ್‌ವರ್ಡ್. ಸೆಟ್ಟಿಂಗಿಗೆ ಬೇರೆಯದೇ ಬೇಕು.

"ಮದುವೆ ದಿನ ಹಾಕಿ," ಎಂದರು ಟೈಲರಮ್ಮ. ಹಾಕಿದರು. ತಪ್ಪು.

"ನಿಮ್ಮ ಹುಟ್ಟಿದ ದಿನ." ತಪ್ಪು.

"ಅವರ ಹುಟ್ಟಿದ ದಿನ?" ಎಂದರು ಮೇಷ್ಟ್ರು. ಗಡಿಯಾರದವರ ಬೆರಳು ನಿಂತಿತು. ತಿಂಗಳು ನೆನಪಿತ್ತು, ತಾರೀಕು ನೆನಪಿರಲಿಲ್ಲ. ಇಪ್ಪತ್ತೆರಡು ವರ್ಷ ಆಕೆಯೇ ಅದನ್ನು ಹಿಂದಿನ ದಿನ ನೆನಪಿಸುತ್ತಿದ್ದಳು. ಅಂದಾಜಿನಲ್ಲಿ ಎರಡು ತಾರೀಕು ಹಾಕಿದರು, ಎರಡೂ ತಪ್ಪು. ನಾಲ್ಕು ಸಲ ತಪ್ಪಾಯಿತೆಂದು ಪುಟವೇ ಬಾಗಿಲು ಹಾಕಿಕೊಂಡಿತು. ಗಡಿಯಾರದವರು ಭೂತಗನ್ನಡಿ ಒರೆಸುವ ನೆಪದಲ್ಲಿ ಆ ಕಡೆ ತಿರುಗಿ ಕಣ್ಣೊರೆಸಿಕೊಂಡರು. ಟೈಲರಮ್ಮ ನೋಡಿಯೂ ನೋಡದ ಹಾಗೆ ಮಡಿಲಿನ ನೂಲು ಕೊಡವಿದರು.

ಹನ್ನೆರಡೂಮುಕ್ಕಾಲಿಗೆ ಬೇರೆ ದಾರಿ ಕಾಣದೆ ದೂರಿನ ನಂಬರಿಗೆ ಫೋನ್ ಮಾಡಿದರು. ಹುಡುಗಿಯೊಬ್ಬಳ ಧ್ವನಿ. ಹಿಂದೆ ಹತ್ತಾರು ಫೋನುಗಳ ಗದ್ದಲ.

"ನಿಮ್ಮ ಮೆಷಿನ್‌ಗಳಿಗೆ ಇವತ್ತೊಂದು ದಿನ ಊಟದ ಬಿಡುವು ಕೊಡದೆ ಇರೋಕಾಗತ್ತಾ ಅಮ್ಮ?" ಎಂದು ಗಡಿಯಾರದವರು ವಿನಯದಿಂದ ಕೇಳಿದರು.

"ಏನಂದ್ರಿ ಸಾರ್?"

ಮೇಷ್ಟ್ರು ಫೋನು ಕಿತ್ತುಕೊಂಡು ವಿಷಯ ಹೇಳಿದರು. ಹುಡುಗಿ ಏನೇನೋ ಒತ್ತಿ ನೋಡಿ, "ಲೈನ್ ಚೆನ್ನಾಗಿದೆ ಸಾರ್. ರೌಟರಿಗೆ ಯಾರೋ ಒಳಗಿಂದ ಬೀಗ ಹಾಕಿದ್ದಾರೆ. ಹೊರಗಿನಿಂದ ನಾವು ಕೈ ಹಾಕೋಕಾಗಲ್ಲ. ಹಿಂದುಗಡೆ ಸಣ್ಣ ತೂತಿದೆ ನೋಡಿ, ಅದರೊಳಗೆ ಪಿನ್ ಹಾಕಿ ಹತ್ತು ಎಣಿಸೋವರೆಗೆ ಒತ್ತಿ ಹಿಡೀರಿ. ಹಳೇದೆಲ್ಲ ಅಳಿಸಿಹೋಗಿ ಹೊಸದರ ಹಾಗಾಗತ್ತೆ."

"ಹಳೇದೆಲ್ಲ ಅಂದ್ರೆ?" ಎಂದು ಗಡಿಯಾರದವರು ಫೋನಿನತ್ತ ಬಗ್ಗಿ ಕೇಳುವಷ್ಟರಲ್ಲಿ ಟೈಲರಮ್ಮ ರವಿಕೆಗೆ ಚುಚ್ಚಿಕೊಂಡಿದ್ದ ಪಿನ್ನು ತೆಗೆದಾಗಿತ್ತು, ಮೇಷ್ಟ್ರು ಅದನ್ನು ತೂತಿಗಿಟ್ಟು ತರಗತಿಯಲ್ಲಿ ಹಾಜರಿ ಕರೆಯುವ ಧ್ವನಿಯಲ್ಲಿ ಒಂದು, ಎರಡು ಎಂದು ಶುರು ಮಾಡಿದ್ದರು. ಹತ್ತಕ್ಕೆ ರೌಟರಿನ ದೀಪಗಳೆಲ್ಲ ಆರಿದವು. ಮತ್ತೆ ಒಂದೊಂದಾಗಿ ಹೊತ್ತಿಕೊಂಡವು. ಹುಡುಗಿ ಹೇಳಿದಂತೆ ಹೊಸ ಹೆಸರು, ಹೊಸ ಪಾಸ್‌ವರ್ಡ್ ಹಾಕುವಷ್ಟರಲ್ಲಿ ಒಂದು ಗಂಟೆ ಹತ್ತು ನಿಮಿಷ.

ಮೂವರೂ ಟ್ಯಾಬ್ಲೆಟ್ಟನ್ನು ಹಾಲಿನ ಪಾತ್ರೆಯಂತೆ ಕಾಯುತ್ತ ಕುಳಿತರು. ಒಂದೂಕಾಲಾಯಿತು. ಒಂದು ಹದಿನಾರಾಯಿತು. ನೆಟ್ ಹೋಗಲಿಲ್ಲ.

"ಗೆದ್ವಿ!" ಎಂದು ಮೇಷ್ಟ್ರು ಗಡಿಯಾರದವರ ಬೆನ್ನಿಗೆ ಗುದ್ದಿದರು. ಗಡಿಯಾರದವರು ನಕ್ಕರು. ಆದರೆ ಒಂದು ಕ್ಷಣ ಅವರ ಕಿವಿ ಅಡುಗೆಮನೆಯ ಕಡೆಗೇ ಇತ್ತು.

ಒಂದೂವರೆಗೆ ಸಮಿತಿ ಪರದೆಯ ಮೇಲೆ ಬಂತು. ಉದ್ದನೆಯ ಮೇಜು, ಐದು ಕುರ್ಚಿ, ಇಬ್ಬರು ಮನುಷ್ಯರು. ಅವರಲ್ಲೊಬ್ಬರು ಗುಮಾಸ್ತರು.

"ನಮಸ್ಕಾರ. ಅಧ್ಯಕ್ಷರು ಊಟಕ್ಕೆ ಹೋಗಿದಾರೆ," ಎಂದರು ಗುಮಾಸ್ತರು. "ಅವರ ಮನೆಯವರು ಫೋನ್ ಮಾಡಿ, ಈಗ ಬರದೆ ಇದ್ರೆ ಅಡುಗೆಮನೆ ಬೀಗ ಹಾಕ್ತೀನಿ ಅಂದ್ರಂತೆ. ಅವರು ಎದ್ದ ಮೇಲೆ ಇನ್ನಿಬ್ಬರೂ ಎದ್ರು. ನಾಳೆ ಇದೇ ಹೊತ್ತಿಗೆ ಇಟ್ಕೊಳ್ಳೋಣ. ಒಂದೂವರೆ. ನಾಳೇನೇ ಕೊನೆ, ಆಮೇಲೆ ಕೆಲಸ ಬೇರೆಯವರಿಗೆ ಕೊಟ್ಟುಬಿಡ್ತಾರೆ."

ಪರದೆ ಆರಿತು. ಎಲ್ಲ ಸೇರಿ ಒಂದೂವರೆ ನಿಮಿಷ. ಮೇಷ್ಟ್ರು, "ಚಿಂತೆಯಿಲ್ಲ, ನೆಟ್ ಈಗ ಗಟ್ಟಿಯಾಗಿದೆ," ಎಂದು ಧೈರ್ಯ ಹೇಳಿ ಮಹಡಿ ಹತ್ತಿದರು. ಟೈಲರಮ್ಮ ಹೊಸ ಪಾಸ್‌ವರ್ಡ್ ಬರೆದುಕೊಂಡು ಉಳಿದ ಅರ್ಧ ಧಾರಾವಾಹಿಗೆ ಓಡಿದರು. ಗಡಿಯಾರದವರು ಒಬ್ಬರೇ ನಲವತ್ತು ಗಡಿಯಾರಗಳನ್ನು ಒಳಗೆ ಹೊತ್ತು, ಮೊಳೆಗೆ ಹಾಕಿ, ಟ್ಯಾಬ್ಲೆಟ್ಟಿನ ಮುಂದೆ ಕುಳಿತು ಗೋಪುರದ ಗಡಿಯಾರಗಳ ವಿಡಿಯೋ ನೋಡತೊಡಗಿದರು. ನಾಳೆಗೆ ತಯಾರಾಗಬೇಕಲ್ಲ.

ನೆಟ್ ಹೋಗಲಿಲ್ಲ. ಹೋಗದ್ದರಿಂದ ಅವರು ಏಳಲೂ ಇಲ್ಲ. ಸಂಜೆ ಐದಕ್ಕೆ ಕಣ್ಣಿಗೆ ಕತ್ತಲೆ ಬಂದಾಗಲೇ ಊಟ ಮಾಡಿಲ್ಲವೆಂದು ಗೊತ್ತಾದದ್ದು. ಏಳು ತಿಂಗಳಲ್ಲಿ ಊಟ ಮರೆತದ್ದು ಇದೇ ಮೊದಲು. ಅಷ್ಟರಲ್ಲಿ ಬಟನ್ ಫೋನು ಮತ್ತೆ ಬಡಿದುಕೊಂಡಿತು.

"ಸಾರ್, ಮಧ್ಯಾಹ್ನ ಮಾತಾಡಿದ್ದೆನಲ್ಲ, ದೂರು ವಿಭಾಗದಿಂದ. ಇದು ನಮ್ಮ ಮೇಡಂ ಮನೆ ಅಂತ ವಿಳಾಸ ಬರೆಯೋವಾಗ ಗೊತ್ತಾಯ್ತು." ಹುಡುಗಿಯ ಧ್ವನಿ ಈಗ ಮೆತ್ತಗಾಗಿತ್ತು. "ನನಗೆ ಕೆಲಸ ಕಲಿಸಿದ್ದೇ ಅವರು. ಸಾರ್, ಆ ಒಂದೂಕಾಲಿನದು ತೊಂದರೆ ಅಲ್ಲ. ಅವರೇ ಅಡ್ವಾನ್ಸ್ಡ್ ಸೆಟ್ಟಿಂಗಲ್ಲಿ ಹಾಕಿದ್ದು. ನಿಮ್ಮ ಟ್ಯಾಬಿಗೆ ಮಾತ್ರ, ದಿನಾ ಒಂದೂಕಾಲಿಂದ ಎರಡರವರೆಗೆ ಬಂದ್. 'ನಮ್ಮನೆಯವರು ನಾನು ಕರೆದ್ರೆ ಏಳಲ್ಲ, ನೆಟ್ ಹೋದ್ರೆ ಏಳ್ತಾರೆ' ಅಂತ ನಮಗೆಲ್ಲ ಹೇಳಿ ನಗ್ತಿದ್ರು. ನಿಮಗೆ ಗೊತ್ತಿರಲಿಲ್ವಾ?"

ಏಳು ತಿಂಗಳಿಂದ ಯಾರು ತಮ್ಮನ್ನು ಊಟಕ್ಕೆ ಎಬ್ಬಿಸುತ್ತಿದ್ದರು ಎಂಬುದು ಗಡಿಯಾರದವರಿಗೆ ಈಗ ತಿಳಿಯಿತು. ಆಕೆ ಹೋದ ಮೇಲೂ ದಿನಕ್ಕೊಂದು ಸಲ ಬಂದು ಕರೆದು ಹೋಗುತ್ತಿದ್ದಳು. ಇವತ್ತು ತಾವೇ ಪಿನ್ನು ಹಾಕಿಸಿ, ಹತ್ತು ಎಣಿಸಿ, ಅವಳನ್ನು ಅಳಿಸಿಬಿಟ್ಟಿದ್ದರು. ಏಳು ತಿಂಗಳ ಹಿಂದೆ ಜನರ ನಡುವೆ ಅಳಲಾಗದೆ ಉಳಿದದ್ದನ್ನೆಲ್ಲ ಅವರು ಆ ಬಟನ್ ಫೋನಿನ ಮುಂದೆ ಅತ್ತರು. ಹುಡುಗಿ ಪಾಪ, ಫೋನಿಡದೆ ಕಾದಳು.

"ಅದನ್ನ ಮತ್ತೆ ಹಾಕೋಕಾಗತ್ತಾ ಅಮ್ಮ?"

"ಅದೇ ಅಲ್ಲ ಸಾರ್, ಅದರ ಹಾಗಿರೋದು ಹಾಕ್ಬಹುದು. ಈಗ ಬೀಗ ಇಲ್ಲ, ಇಲ್ಲಿಂದಲೇ ಹಾಕ್ತೀನಿ. ಪಾಸ್‌ವರ್ಡ್ ಏನಿಡಲಿ?"

"ನಿಮಗೆ ತೋಚಿದ್ದು ಇಡಿ. ನನಗೆ ಹೇಳ್ಬೇಡಿ. ಗೊತ್ತಿದ್ರೆ ಒಂದಲ್ಲ ಒಂದು ದಿನ ತೆಗೆದುಬಿಡ್ತೀನಿ, ನನ್ನನ್ನ ನಂಬೋ ಹಾಗಿಲ್ಲ."

"ಸರಿ ಸಾರ್." ಐದು ನಿಮಿಷದಲ್ಲಿ ಹಾಕಿದಳು. "ನಾಳೆಯಿಂದ ಒಂದೂಕಾಲಿಗೆ ಸರಿಯಾಗಿ ಹೋಗತ್ತೆ. ನನಗೆ ನಾಳೆಯಿಂದ ಮೂರು ದಿನ ರಜ. ಬಂದ ಮೇಲೆ ಫೋನ್ ಮಾಡ್ತೀನಿ. ಈಗ ಊಟ ಮಾಡಿ ಸಾರ್."

ಗಡಿಯಾರದವರಿಗೆ ಮನಸ್ಸು ಹಗುರಾಯಿತು. ಸಮಿತಿಯ ವಿಷಯ ಏನು ಮಹಾ, ಬೇರೆ ಹೊತ್ತಿಗೆ ಇಟ್ಟುಕೊಂಡರಾಯಿತು. ಬೆಳಿಗ್ಗೆ ಹತ್ತಕ್ಕೂ ತಾವು ತಯಾರು. ಗುಮಾಸ್ತರ ನಂಬರ್ ಒತ್ತಿದರು.

"ಒಂದೂವರೆ ಬಿಟ್ಟು ಬೇರೆ ಯಾವ ಹೊತ್ತಾದರೂ ಸರಿ ಸ್ವಾಮಿ."

"ಏನು ತಮಾಷೆ ಮಾಡ್ತಿದ್ದೀರಾ?" ಗುಮಾಸ್ತರ ತಾಳ್ಮೆ ಕಿತ್ತುಹೋಯಿತು. "ಐದು ಜನರನ್ನ ಊಟದ ಹೊತ್ತಲ್ಲಿ ಹಿಡಿದು ಕೂರಿಸಿರೋದು ಯಾರಿಗೋಸ್ಕರ? ನಿಮ್ಮ ಅರ್ಜೀಲೇ ಇದೆಯಲ್ಲ!"

"ನನ್ನ ಅರ್ಜೀಲಾ? ಏನಿದೆ?"

ಕಾಗದ ತಿರುವಿದ ಸದ್ದು. ಗುಮಾಸ್ತರು ಗಟ್ಟಿಯಾಗಿ ಓದಿದರು: "'ಮಾತುಕತೆಗೆ ಅನುಕೂಲವಾದ ಸಮಯ' ಅಂತ ಕಾಲಂ. ಅದರಲ್ಲಿ ದುಂಡುದುಂಡಾಗಿ ಬರೆದಿದ್ದೀರಿ. 'ದಯವಿಟ್ಟು ಮಧ್ಯಾಹ್ನ ಒಂದೂವರೆಗೆ ಮಾತ್ರ. ಬೇರೆ ಯಾವ ಹೊತ್ತಿನಲ್ಲೂ ಇವರು ಗಡಿಯಾರ ಬಿಟ್ಟು ತಲೆ ಎತ್ತುವುದಿಲ್ಲ.' ಅಧ್ಯಕ್ಷರು ಇದನ್ನ ಓದಿ, ಇಂಥ ಕೆಲಸಗಾರ ಬೇಕು ಅಂತಲೇ ಒಪ್ಪಿದ್ದು. ಈಗ ನೀವೇ ಮಾತು ಬದಲಾಯಿಸಿದ್ರೆ ಅವರಿಗೆ ಏನು ಹೇಳ್ಲಿ? ನಾಳೆ ಒಂದೂವರೆ, ಆಗದಿದ್ರೆ ಬಿಟ್ಟುಬಿಡಿ."

ಗಡಿಯಾರದವರು ಫೋನು ಕೆಳಗಿಟ್ಟರು. ನೆಟ್ ಕತ್ತರಿಸಿಟ್ಟ ಹೊತ್ತಿಗೇ ಆಕೆ ಸಮಿತಿಯನ್ನೂ ಕರೆದಿದ್ದಳು. ಆ ಒಂದು ದಿನ ನೆಟ್ಟಿನ ಕಟ್ಟನ್ನು ತಾನೇ ಬಿಚ್ಚುತ್ತಿದ್ದಳು, ಊಟದ ಮೇಜಿನ ಮೇಲೇ ಟ್ಯಾಬ್ಲೆಟ್ಟನ್ನು ನೇರ ನಿಲ್ಲಿಸಿ ಗಂಡನ ಕಾಲರ್ ಸರಿಮಾಡುತ್ತಿದ್ದಳು. ಎಲ್ಲವನ್ನೂ ಯೋಚಿಸಿಯೇ ಬರೆದಿದ್ದಳು. ಆ ಹೊತ್ತಿಗೆ ತಾನೂ ಮನೆಯಲ್ಲಿರುತ್ತೇನೆ ಎಂದುಕೊಂಡದ್ದೊಂದೇ ಅವಳ ತಪ್ಪು.

ದೂರಿನ ನಂಬರಿಗೆ ಮಾಡಿದರು. ಹುಡುಗಿ ಆಗಲೇ ಮನೆಗೆ ಹೊರಟುಹೋಗಿದ್ದಳು. ಪಾಸ್‌ವರ್ಡ್ ಬೇರೆ ಯಾರಿಗೂ ಗೊತ್ತಿಲ್ಲವಂತೆ, ಬೇಕಾದರೆ ಪಿನ್ ಹಾಕಿ ಒತ್ತಬೇಕಂತೆ. ಅಲ್ಲಿಗೆ ಬೆಳಿಗ್ಗೆ ಒಂಬತ್ತಕ್ಕೆ ಎಲ್ಲಿದ್ದರೋ ಅಲ್ಲಿಗೇ ಬಂದು ನಿಂತಿದ್ದರು. ಮಾತು ಒಂದೂವರೆಗೆ, ನೆಟ್ ಹೋಗುವುದು ಒಂದೂಕಾಲಿಗೆ.

ಮೆಟ್ಟಿಲ ಮೇಲಿನಿಂದ ಮೇಷ್ಟ್ರು ಕೂಗಿದರು. ಅವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. "ಪಿನ್ನು ನನ್ನ ಹತ್ತಿರವೇ ಇದೆ! ಇಳಿದು ಬರಲಾ? ಹತ್ತು ಎಣಿಸೋದರಲ್ಲಿ ಮುಗಿಯತ್ತೆ!"

"ಈಗ ಬೇಡ ಮೇಷ್ಟ್ರೇ," ಎಂದರು ಗಡಿಯಾರದವರು. "ನಾಳೆ ನೋಡೋಣ. ನಾನಿನ್ನೂ ಊಟ ಮಾಡಿಲ್ಲ."

ಬಾಗಿಲು ಹಾಕಿಕೊಂಡು ಬಂದು ಮೇಜಿನ ಮುಂದೆ ಕುಳಿತರು. ರೌಟರಿನ ದೀಪಗಳು ಹಸಿರಾಗಿಯೇ ಉರಿಯುತ್ತಿದ್ದವು, ಟ್ಯಾಬ್ಲೆಟ್ಟಿನಲ್ಲಿ ವಿಡಿಯೋ ಓಡುತ್ತಲೇ ಇತ್ತು. ಗಡಿಯಾರದವರು ಅಡುಗೆಮನೆಯ ಕಡೆಗೆ ತಿರುಗಿ, ಗಂಟಲು ಸರಿಮಾಡಿಕೊಂಡು, "ನೆಟ್ ಹೋಯ್ತು ಕಣೇ," ಎಂದರು. ಸ್ವಲ್ಪ ಹೊತ್ತು ಕಾದರು. ಆಮೇಲೆ ತಾವೇ ಎದ್ದು ಹೋಗಿ ಕೈ ತೊಳೆದುಕೊಂಡು ತಟ್ಟೆ ಹಾಕಿಕೊಂಡರು.